ಪೂಜೆಯಾದ ಮೇಲಿನ ಗುಳಿಗೆ

ಕಮಲಾಪುರ
ಮಂಗಳವಾರ, 18-11-2025

ಪ್ರೀತಿಯ ನೀಲಗಂಗಕ್ಕಾ,

ಸೋಲಾಪುರದಲ್ಲಿ ನಿನ್ನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ಭಾವನವರ ಕೆಮ್ಮು ಹೋಯಿತೇ? ಫೋನಿನಲ್ಲಿ ಹೇಳೋಣವೆಂದರೆ ತಮ್ಮ ಯಶವಂತ ಪಡಸಾಲೆಯಲ್ಲೇ ಕೂತಿರುತ್ತಾನೆ, ಅದಕ್ಕೇ ಈ ಕಾಗದ. ಆರನೇ ಇಯತ್ತೆಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಸರಿಮಾಡಿ ಓದಿಕೋ.

ಅವ್ವನ ಮರೆವು ನಿನಗೆ ಗೊತ್ತೇ ಇದೆ. ಹೋದ ತಿಂಗಳು ಒಲೆ ಮೇಲೆ ಹಾಲಿಟ್ಟು ಹೊಲಕ್ಕೆ ಹೋಗಿಬಿಟ್ಟಳು. ನನ್ನನ್ನು ತೀರಿಕೊಂಡ ಸೋದರತ್ತೆಯ ಹೆಸರಿನಿಂದ ಕರೆದಳು. ಒಂದೊಂದು ದಿನ ಗೋಡೆಗೆ ಮುಖ ಮಾಡಿ ಮಲಗಿದರೆ ಏಳುವುದೇ ಇಲ್ಲ. "ಅರಳು ಮರಳು ಆಗ್ಯದ. ಕಲಬುರಗ್ಯಾಗ ಇಂಥವರನ್ನ ಇಟ್ಕೊಳ್ಳೋ ಮನಿ ಅದ, ಬಿಟ್ಟು ಬರೋಣ" ಎಂದು ಯಶವಂತ ಹಟ ಹಿಡಿದಿದ್ದಾನೆ. ಬರುವ ಸೋಮವಾರಕ್ಕೆ ಗಾಡಿಯನ್ನೂ ಹೇಳಿಟ್ಟಿದ್ದಾನೆ.

ನನಗೆ ಜೀವ ತಡೆಯಲಿಲ್ಲ. ಹೋದ ವಾರ ಅವ್ವನನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆದೊಯ್ದು ಮದಿಹಾ ಎನ್ನುವ ಡಾಕ್ಟರಮ್ಮನಿಗೆ ತೋರಿಸಿದೆ. ರಕ್ತ ತೆಗೆದು ನೋಡಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಬಹಳ ಕಡಿಮೆಯಂತೆ. "ಅದು ಕಮ್ಮಿ ಆದ್ರ ಮನಸ್ಸೂ ಮಂಕಾಗ್ತದ, ನೆನಪೂ ಹೋಗ್ತದ್ರೀ. ಎಲ್ಲಾ ಮರವು ಅದರಿಂದನೇ ಅಂತ ಹೇಳಾಕ ಬರಂಗಿಲ್ಲ, ಮೊದಲ ಇದನ್ನ ಸರಿ ಮಾಡಿ ನೋಡೋಣ" ಎಂದರು. ಎರಡು ವರ್ಷದಿಂದ ಅದಕ್ಕೇ ಗುಳಿಗೆ ನುಂಗುತ್ತಿದ್ದಾಳಲ್ಲ ಎಂದೆ. ಹೇಗೆ ನುಂಗುತ್ತಾಳೆ ಎಂದು ಕೇಳಿದಾಗ ಗೊತ್ತಾಯಿತು ನೋಡು. ಲಿಂಗಪೂಜೆ ಆಗದೆ ಅವ್ವ ಬಾಯಿಗೆ ನೀರೂ ಹಾಕುವುದಿಲ್ಲ; ಪೂಜೆ ಮುಗಿದ ಕೂಡಲೇ ಹಾಲಿನ ಚಹಾದ ಜೊತೆ ಗುಳಿಗೆ, ಮೇಲೆ ರೊಟ್ಟಿ. ಹಾಗೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ದಿನಾ ಚಹಾ ಕೊಟ್ಟವಳು ನಾನೇ!

ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ನುಂಗು ಎಂದು ನಾನು ಹೇಳಿದ್ದಕ್ಕೆ "ಗುಳಗಿ ಸಲುವಾಗಿ ಲಿಂಗ ಬಿಡ್ಲೇನು? ನಿನಗೇ ಅರಳು ಮರಳು" ಎಂದು ಡಾಕ್ಟರ ಮುಂದೆಯೇ ಬೈದಳು. ಅವರು ನಕ್ಕು, "ಪೂಜಾ ಬಿಡಬ್ಯಾಡ್ರಿ ಆಯಿ, ನೀರಿನಾಗ ನುಂಗಿ ಚಾ ಒಂದು ತಾಸು ತಡಾ ಮಾಡ್ರಿ" ಎಂದರು. ಈಗ ಪೂಜೆ ಮುಗಿಸಿ, ಗುಳಿಗೆ ನುಂಗಿ, ಗಡಿಯಾರವನ್ನು ದುರುಗುಟ್ಟಿ ನೋಡುತ್ತಾ ಕೂರುತ್ತಾಳೆ. ಆರು ವಾರ ಬಿಟ್ಟು ಮತ್ತೆ ರಕ್ತ ನೋಡಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿದೆ? ಇವತ್ತು ಯಾವ ವಾರ, ನಾನು ಯಾರು ಎಂದು ದಿನಕ್ಕೆ ಹತ್ತು ಸಲ ಕೇಳುತ್ತೇನೆ. "ಶಂಕ್ರಿ, ನೀ ನನ್ನ ತಲಿ ತಿನ್ನೋಕಿ" ಎಂದಳು ನಿನ್ನೆ. ಹೆಸರು ಸರಿ ಹೇಳಿದಳಲ್ಲ ಎಂದು ಅಡಿಗೆಮನೆಗೆ ಹೋಗಿ ಅತ್ತೆ. ಗುಣವಾಗದೆಯೂ ಹೋಗಬಹುದು ಅಕ್ಕಾ. ಆದರೆ ಆರು ವಾರವೂ ಕಾಯದೆ ಬಿಟ್ಟುಬರುವುದೇ?

ಭಾವನವರಿಗೆ ಶರಣು. ಮಕ್ಕಳ ತಲೆ ಮೇಲೆ ನನ್ನ ಪರವಾಗಿ ಕೈಯಿಡು.

ನಿನ್ನ ತಂಗಿ,
ಶಂಕ್ರಮ್ಮ

ತಾ.ಕ.: ಮೂವರು ಮಕ್ಕಳ ಸಹಿ ಇಲ್ಲದೆ ಕಲಬುರಗಿಯ ಆ ಮನೆಯವರು ಅವ್ವನನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಶನಿವಾರ ಯಶವಂತ ಅರ್ಜಿ ಹಿಡಿದು ನಿನ್ನಲ್ಲಿಗೆ ಬರುತ್ತಾನೆ. ಅದರಲ್ಲಿ ನನ್ನ ಸಹಿ ಇದೆ. ರಕ್ತ ಪರೀಕ್ಷೆ ಮಾಡಿಸುವ ಮುಂಚೆಯೇ ಹೆದರಿ ಮಾಡಿಬಿಟ್ಟೆ, ಅವ್ವನಿಗೆ ಗೊತ್ತಿಲ್ಲ. ನೀನು ಮಾಡಬೇಡ.