ಕಿರಂಗೂರು ದಾಟದ ಫ್ಲಾಪಿ

ಗಿರಿಜಕ್ಕಾ,

ಪಾಂಡವಪುರದ ನಿಮ್ಮ ಟೈಪಿಂಗ್ ಶಾಲೆಗೆ ನಾನು ರೈತ ಸಂಘದ ಕರಪತ್ರ ಹಿಡಿದು ಜಗಳಕ್ಕೆ ಬಂದ ದಿನ ನೆನಪಿದೆಯಾ? ಪ್ರತಿ ಹಾಳೆಯಲ್ಲೂ ಕೊನೆಯ ಸಾಲು ಅಚ್ಚಾಗಿರಲಿಲ್ಲ. "ಏನಕ್ಕ, ನಮ್ ಬೇಡಿಕೆನೇ ಕತ್ತರ್ಸ್‌ಬುಟ್ಟಿದ್ದೀರಾ?" ಅಂದೆ. ನೀವು ಕನ್ನಡಕದ ಮೇಲಿಂದ ನೋಡಿದಿರಿ. "ಕೂತ್ಕೊಳಯ್ಯ. ಕತ್ತರಿಸಿದ್ದು ಸರ್ಕಾರ ಅಲ್ಲ. ಪ್ರಿಂಟರ್ ನಡೆಸೋ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ, ಪರೀಕ್ಷೆಗೆ ನಿನ್ನ ಕರಪತ್ರವೇ ಸಿಕ್ತು."

"ಇದ್ರ ಓನರ್ರು ಯಾರು?" ಅಂತ ರೇಗಿದೆ. ಬೈಯಲು ನನಗೊಬ್ಬ ಧಣಿ ಬೇಕಿತ್ತು. "ಯಾರೂ ಇಲ್ಲ. ಬರೆದವನು ಬರೆದದ್ದನ್ನೆಲ್ಲ ಬಿಚ್ಚಿಟ್ಟಿದ್ದಾನೆ. ತಗೋ, ತಿದ್ದು, ಇನ್ನೊಬ್ಬರಿಗೂ ಕೊಡು ಅಂತ," ಅಂದಿರಿ. ಉಳುವವನಿಗೇ ಭೂಮಿ ಎಂದು ಗಂಟಲು ಹರಿದುಕೊಂಡವನು ನಾನು. ಕುರ್ಚಿ ಎಳೆದು ಕೂತೆ.

ಆಮೇಲೆ ಎಂಟು ದಿನ ನಿಮ್ಮ ಪಕ್ಕದಲ್ಲಿ ಕೂತು ನೋಡಿದೆ. ನಿಮ್ಮ ಕಂಪ್ಯೂಟರಿನಲ್ಲಿದ್ದ ಲಿನಕ್ಸ್ ಎಂದರೆ ಯಾರ್‍ಯಾರೋ ಬರೆದ ತಂತ್ರಾಂಶಗಳ ದೊಡ್ಡ ಗಂಟು. ಅದರಲ್ಲಿ ಈ ಒಂದರ ಹೊಣೆ ನಿಮ್ಮದು. ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಗಂಟಿಗೆ ಹೊಂದಿಸಿ, ಬೇರೇನೂ ಕೆಡದಂತೆ ನೋಡಿ, ಗಂಟು ಕಟ್ಟುವವರಿಗೆ ಕಳಿಸಬೇಕು. ಸಂಬಳವಿಲ್ಲ, ಸನ್ಮಾನವಿಲ್ಲ. ನೀವು ಕಾಣದ ಊರಿನ, ನಿಮ್ಮನ್ನು ಕಾಣದ ಜನಕ್ಕಾಗಿ ಅಷ್ಟೊಂದು...

ನಿಮ್ಮದರಂಥ ಹಳೆಯ ಪ್ರಿಂಟರಿನಲ್ಲಿ ಮಾತ್ರ ಆ ಕೊನೆಯ ಸಾಲು ಮಾಯವಾಗುತ್ತಿತ್ತು. "ಕಳಿಸ್ಬುಡಿ ಅತ್ಲಾಗೆ. ಈ ಡಕೋಟಾ ಯಾರ್ ಮಡೀಕಂಡವ್ರೆ?" ಅಂದೆ. "ನಾನು. ನನ್ನಂಥೋರು ಇನ್ನೆಲ್ಲೋ ಇರ್ತಾರೆ. ಬಡವರ ಪರ ಭಾಷಣ ಬಿಗಿಯೋನು, ಬಡವರ ಪ್ರಿಂಟರ್ ಕಂಡ್ರೆ ನಿಂಗ್ಯಾಕಯ್ಯ ಅಸಹ್ಯ?" ಟೈಪ್ ಕಲಿಯುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನಕ್ಕರು. ಅಂಥ ಪೆಟ್ಟನ್ನು ಯಾವ ಲಾಠಿಯೂ ಕೊಟ್ಟಿರಲಿಲ್ಲ.

ಆ ಶುಕ್ರವಾರ ಮರೆಯುವುದು ಹೇಗೆ? ತಪ್ಪನ್ನು ತಿದ್ದಿ, ಫ್ಲಾಪಿಗೆ ಹಾಕಿಕೊಂಡು ಮೈಸೂರಿಗೆ ಹೊರಟಿದ್ದಿರಿ. ಇಂಟರ್ನೆಟ್ ಇದ್ದದ್ದು ಅಲ್ಲಿ, ನಿಮ್ಮ ತಮ್ಮ ಕೆಲಸ ಮಾಡುವ ಕಾಲೇಜಿನಲ್ಲಿ. ಐದಕ್ಕೆ ಬಾಗಿಲು ಹಾಕುತ್ತಿದ್ದರು. ಅವತ್ತೇ ಕಡೇ ದಿನ. ತಪ್ಪಿದರೆ ನಿಮ್ಮ ತಂತ್ರಾಂಶ ಆ ಸಲ ಬಿಡುಗಡೆಯಾಗುವ ಗಂಟಿನಿಂದ ಹೊರಗೆ. ಅವತ್ತೇ ಮೈಸೂರು ದಾರಿಯ ಕಿರಂಗೂರಿನಲ್ಲಿ ನಾಲೆ ನೀರಿಗಾಗಿ ನಮ್ಮ ರಸ್ತೆ ತಡೆ. ಜಾಗ ಗೊತ್ತು ಮಾಡಿದವನು ನಾನೇ. ಅಡ್ಡ ನಿಲ್ಲಿಸಿದ ಗಾಡಿಗಳ ಆಚೆ, ಬಸ್ಸಿನ ಕಿಟಕಿಯಲ್ಲಿ ನೀವು. ಓಡಿ ಬಂದೆ.

"ಇಳೀರಕ್ಕ, ನಮ್ ಹುಡುಗ್ರು ಬೈಕಲ್ಲಿ ಬುಟ್‌ಬತ್ತಾರೆ."

"ಹಿಂದೆ ಕೂತೋರು ಏನು ಪಾಪ ಮಾಡಿದ್ರು? ನನಗೊಬ್ಬಳಿಗೆ ದಾರಿ ಬಿಟ್ರೆ ಅದೆಂಥ ಚಳವಳಿನೋ?"

ಎಲ್ಲರಿಗೂ ಬಿಡುವ ಮನಸ್ಸು ನನಗೆ ಬರಲಿಲ್ಲ. ರಸ್ತೆ ತೆರೆದಾಗ ಆರೂವರೆ. ನಾಲೆಗೆ ನೀರು ಬಂತು, ನಿಜ. ಆದರೆ ಅಕ್ಕ...

ನೀವು ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಮೂರು ತಿಂಗಳಿಗೆ ನಿಮ್ಮ ಎದೆಬಡಿತ ನಿಂತಿತು. ಮಣ್ಣು ಮಾಡಿದ ವಾರಕ್ಕೆ, ಮುಂದಿನ ಸಲಕ್ಕೆಂದು ನೀವು ಎತ್ತಿಟ್ಟಿದ್ದ ಆ ಫ್ಲಾಪಿ ಹಿಡಿದು ನಿಮ್ಮ ತಮ್ಮನ ಮುಂದೆ ಕೂತೆ. ಅದರಲ್ಲಿದ್ದದ್ದನ್ನು ಗಂಟು ಕಟ್ಟುವವರಿಗೆ ಕಳಿಸಿ, ನೀವಿಲ್ಲವೆಂದು ಬರೆಸಿದೆ; ತಡಮಾಡಿದ ಪಾಪಿ ನಾನೆಂದೂ ಬರೆಸಿದೆ. ಅವರಲ್ಲಿ ಪೋರ್ಚುಗಲ್ಲಿನ ಒಬ್ಬ ಟೀಚರಮ್ಮನಿಂದ ಉತ್ತರ ಬಂತು. ನೀವು ತಿದ್ದಿದ್ದನ್ನು ಸಾಲು ಸಾಲಾಗಿ ಓದಿದ್ದಳು. ತನ್ನ ಶಾಲೆಯಲ್ಲೂ ಅಂಥದೇ ಹಳೆಯ ಪ್ರಿಂಟರು, ಅದನ್ನು ಈ ಲೋಕದಲ್ಲಿ ನೆನೆದವರು ನೀವೊಬ್ಬರೇ ಎಂದಿದ್ದಳು. ನಿಮ್ಮ ಮಾತು ನಿಜವಾಗಿತ್ತು. ಘೋಷಣೆಯಿಲ್ಲದೆ, ಬಾವುಟವಿಲ್ಲದೆ ಸಮುದ್ರದಾಚೆಯ ಕೈಯೊಂದು ನಿಮ್ಮ ಕೈ ಹಿಡಿದಿತ್ತು. ಇಷ್ಟು ವರ್ಷ ನಾವು ಕೂಗಿದ್ದು ಇದನ್ನೇ ಅಲ್ಲವೇ?

ನಿಮಗೆ ತಿಳಿಯದ ಸುದ್ದಿ ಕೇಳಿ. ಹೊಸ ಬಿಡುಗಡೆಯ ಸಿ.ಡಿ. ಮೊನ್ನೆ ಬಂತು. ನಿಮ್ಮ ತಂತ್ರಾಂಶ ಅದರೊಳಗಿದೆ. ಹೊಣೆ ಈಗ ಆ ಟೀಚರಮ್ಮನದು; ಬದಲಾವಣೆಗಳ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಪಕ್ಕದಲ್ಲಿ ಪಾಂಡವಪುರ ಎಂದಿದೆ. ಬರೆದವನು ಆಗಲೇ ಮತ್ತೊಂದು ಆವೃತ್ತಿ ಬಿಟ್ಟಿದ್ದಾನೆ. ನಿಮ್ಮ ಪ್ರಿಂಟರಿನಲ್ಲಿ ಅದನ್ನು ಪರೀಕ್ಷಿಸುವವರು ಯಾರೆಂದು ಅವಳು ಕೇಳಿದಳು. ನಾನು ಎಂದು ಬರೆಸಿದೆ.

ಸೋಮವಾರ ನಾಗಮಂಗಲದ ಸಭೆಗೆ ಬರುವುದಿಲ್ಲ ಎಂದದ್ದಕ್ಕೆ ಸಂಘದವರು ರೇಗಿದರು. "ಯಾಕ್ಲಾ, ಮೈಕ್ ಬುಟ್ಟು ಅದೇನ್ಲಾ ಕಿಸಿಯೋದು?"

"ನೂರು ಹಾಳೆ ಅಚ್ಚಾಕ್ಬೇಕು. ಒಂದೊಂದ್ರದ್ದೂ ಕೊನೇ ಸಾಲ್ ಓದ್ಬೇಕು ಕಣ್ಲಾ," ಅಂದೆ.