ಎದೆ ಉರಿ ಅಂದರೆ ಸಾಲದು

ಟೈಲರ್ ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ

ಮುದ್ದಿನ ತಮ್ಮ, ಲಾರಿ ಡ್ರೈವರ್ ಸಾಹೇಬನಿಗೆ ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ.

ಫೋನಿನಲ್ಲಿ ಈ ವಿಷಯ ಎತ್ತಿದರೆ ನಿನಗೆ ತಕ್ಷಣ ಸಿಗ್ನಲ್ ಹೋಗುತ್ತದೆ. ಅದಕ್ಕೇ ಬರೆದು ನಿನ್ನ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಮೇಲೆ ರೇಗಬೇಡ. ನನಗೆ ಎಲ್ಲ ಹೇಳಿ ಒಳ್ಳೆಯದನ್ನೇ ಮಾಡಿದ್ದಾಳೆ.

ಮೊಲೆತೊಟ್ಟು ಉರಿಯುತ್ತಿದೆ ಎನ್ನಲು ನಾಚಿಕೆಯಾಗಿ, ಮೆಡಿಕಲ್ ಶಾಪಿನಲ್ಲಿ 'ಎದೆ ಉರಿ' ಎಂದೆಯಂತೆ. ಅವರು ಪಾಪ, ಗ್ಯಾಸಿನ ಔಷಧಿ ಕೊಟ್ಟರು. ನೀನೂ ಜಾಣಮರಿಯ ಹಾಗೆ ಬಾಟಲಿ ಖಾಲಿ ಮಾಡಿದೆ! ದಿನವಿಡೀ ಊರವರ ಎದೆ ಅಳೆಯುವವಳು ನಾನು, ಆ ಪದಕ್ಕೆಲ್ಲ ನಾಚುವವಳಲ್ಲ.

ತೊಟ್ಟು ನೋಯಲು ಸಣ್ಣಪುಟ್ಟ ಕಾರಣಗಳು ಬೇಕಾದಷ್ಟಿವೆ. ಮಗಳಿಗೆ ಹಾಲು ಕುಡಿಸುವಾಗ ನನ್ನದು ಬಿರುಕು ಬಿಟ್ಟಿತ್ತು. ಮಗುವನ್ನು ಹಿಡಿಯುವ ಬಗೆಯನ್ನು ನರ್ಸಮ್ಮ ತಿದ್ದಿದ ಮೇಲೆ ವಾಸಿಯಾಯಿತು. ಮುಟ್ಟಿಗೆ ಮುಂಚೆ ಎರಡೂ ಕಡೆ ನೋಯುವುದು ಹೆಂಗಸರಿಗೆ ಮಾಮೂಲು. ಓಡುವವರಿಗೆ ಅಂಗಿ ಉಜ್ಜುತ್ತದೆ, ಕೆಲವರಿಗೆ ಹೊಸ ಸೋಪು ಒಗ್ಗುವುದಿಲ್ಲ. ಕಾರಣ ಹೋದರೆ ನೋವೂ ಹೋಗುತ್ತದೆ.

ನಿನ್ನದು ಸೀಟ್ ಬೆಲ್ಟ್ ಉಜ್ಜಿ ಆದದ್ದು ಎನ್ನುತ್ತೀಯಂತೆ. ಸರಿ ಕಣೋ, ಒಪ್ಪೋಣ. ಆದರೆ ತಿಂಗಳಿಂದ ರಜೆಯಲ್ಲಿದ್ದೀಯಲ್ಲ, ಮನೆಯ ಸೋಫಾಗೂ ಬೆಲ್ಟ್ ಇದೆಯೇ? ಆದರೂ ಒಂದೇ ಕಡೆ ನೋವು, ಸಿಪ್ಪೆ ಏಳುವುದು, ಬನಿಯನ್ನಿನಲ್ಲಿ ರಕ್ತದ ಕಲೆ ಯಾವುದೂ ನಿಂತಿಲ್ಲವಂತೆ. ಅಪರೂಪಕ್ಕೆ ಗಂಡಸರಿಗೂ ಆ ಜಾಗದಲ್ಲಿ ಕ್ಯಾನ್ಸರ್ ಬರುವುದುಂಟು. ನಿನ್ನದು ಅದೇ ಎನ್ನುತ್ತಿಲ್ಲ, ಬರೀ ಚರ್ಮದ ಕಾಯಿಲೆಯೂ ಇರಬಹುದು. ಆದರೆ ವಾಸಿಯಾಗದ ಹುಣ್ಣು, ರಕ್ತ, ಗಂಟು, ತೊಟ್ಟು ಒಳಕ್ಕೆ ಸೇದಿಕೊಳ್ಳುವುದು, ಇದರಲ್ಲಿ ಒಂದು ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ನನಗೆ ಭಯವಾಗಿದೆ ಕಣೋ. ಬೇಗ ತೋರಿಸಿದರೆ ದಾರಿ ಸಿಗುತ್ತದೆ ಎಂಬ ಧೈರ್ಯ ಅದಕ್ಕಿಂತ ದೊಡ್ಡದಿದೆ.

ಸೋಮವಾರ ಬೆಳಿಗ್ಗೆಗೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಅಂಗಿ ಬಿಚ್ಚು, ಬೆರಳಿಟ್ಟು ತೋರಿಸು, ಬಾಯಿಬಿಟ್ಟು ಹೇಳು. ಹೋಗದಿದ್ದರೆ ನಾನೇ ಬಂದು ಕಿವಿ ಹಿಂಡಿ ಕರೆದೊಯ್ಯುತ್ತೇನೆ.

ನಿನ್ನ
ಗಟ್ಟಿಬಾಯಿ ಅಕ್ಕ

ತಾ.ಕ.: ನಿಜ ಹೇಳಿಬಿಡುತ್ತೇನೆ. ಹೆಸರು ಬರೆಸಲು ಫೋನ್ ಮಾಡಿದಾಗ ಅಂಗಡಿ ತುಂಬ ಗಿರಾಕಿಗಳು. ನನ್ನ ಬಾಯಿಂದಲೂ ಬಂದದ್ದು 'ಎದೆ ಉರಿ' ಎಂದೇ! ಹೊಟ್ಟೆ ಡಾಕ್ಟರ ಹತ್ತಿರ ಬರೆದುಕೊಂಡುಬಿಟ್ಟರು. ಮತ್ತೆ ಫೋನ್ ಮಾಡಿ, ನನ್ನ ತಮ್ಮನ ಮೊಲೆತೊಟ್ಟು ಎಂದು ಬೀದಿಗೆ ಕೇಳುವಂತೆ ಹೇಳಿ, ಸರಿಯಾದ ಡಾಕ್ಟರ ಹತ್ತಿರ ಬರೆಸಿದೆ. ಎಲ್ಲರೂ ತಲೆ ತಗ್ಗಿಸಿದರು. ಪ್ಯಾಂಟಿನ ಅಳತೆ ಕೊಡಲು ಬಂದಿದ್ದ ಹಿರಿಯರೊಬ್ಬರು ಮಾತ್ರ, ಉಳಿದವರು ಹೋಗುವವರೆಗೆ ಕಾದಿದ್ದು, ಆ ಡಾಕ್ಟರ ನಂಬರ್ ಕೇಳಿ ಬರೆದುಕೊಂಡರು.