ಸಿಗದವರ ಪಟ್ಟಿ

ಗುಣವತಿ ಅಕ್ಕ,

ಇವತ್ತು ಉರ್ವದಲ್ಲಿ ನಿಮ್ಮ ಮನೆ ಹುಡುಕಿಕೊಂಡು ಹೋಗಿದ್ದೆ. ನಮ್ಮ ಬಿ.ಪಿ. ಮಾತ್ರೆಯ ಅಧ್ಯಯನಕ್ಕೆ ನೀವು ನಾಲ್ಕನೇ ತಿಂಗಳಿನಿಂದ ಬಂದಿರಲಿಲ್ಲ. ನಾನು ನಿಯಮದಂತೆ ಮೂರು ಸಲ ಫೋನ್ ಮಾಡಿ, ನಿಮ್ಮ ಹೆಸರಿನ ಮುಂದೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದು ಮುಗಿಸಿದ್ದೆ. ಹಾಗೆ ಸಿಗದ ಮೂವತ್ತೊಂದು ಮಂದಿಯನ್ನು ಬಿಟ್ಟು ನೋಡಿದಾಗ ಮಾತ್ರೆ ಸುರಕ್ಷಿತ ಎಂದು ಬಂತು. ವರದಿಯೂ ಅಚ್ಚಾಯಿತು. ಆಮೇಲೂ ನನಗೆ ಸಮಾಧಾನವಾಗಲಿಲ್ಲ.

ನಿಮ್ಮ ತಮ್ಮ ಅಣ್ಣು ಶೆಟ್ಟರು ಬಾಗಿಲು ತೆರೆದರು.

“ಅಕ್ಕ ತೀರಿ ಹೋಗಿ ವರ್ಷ ಆಗ್ತಾ ಬಂತಲ್ಲ ಮೇಡಂ. ಆ ಮಾತ್ರೆ ತಗೊಂಡ್ರೆ ತಲೆ ತಿರುಗ್ತದೆ ಅಂತಿದ್ದಳು. ಬಚ್ಚಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ.”

“ಮಾತ್ರೆ ನಿಲ್ಲಿಸಬಹುದಿತ್ತಲ್ಲ?”

“ನಾನೂ ಹೇಳಿದೆ. ಆಸ್ಪತ್ರೆಯ ಹುಡುಗಿ ಫೋನ್ ಮಾಡ್ತಾಳೆ, ಅವಳತ್ರ ಕೇಳಿಯೇ ನಿಲ್ಲಿಸ್ತೇನೆ ಅಂದಳು. ಮೊಬೈಲ್ ಹಾಳಾದದ್ದು ಅವಳಿಗೆ ಗೊತ್ತೇ ಇರಲಿಲ್ಲ ಮಾರಾಯ್ರೆ.”

ಆ ಹುಡುಗಿ ನಾನೇ ಎಂದು ಹೇಳಲು ನನ್ನಿಂದಾಗಲಿಲ್ಲ. ಅವರು ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಅಧ್ಯಯನ ನಡೆಸಿದ ನಮ್ಮ ಡಾಕ್ಟರರಿಗೆ ಇದನ್ನೆಲ್ಲ ಹೇಳಿದೆ. “ವರದಿಗೆ ತಿದ್ದುಪಡಿ ಕಳಿಸುವ ಸಂಚಿತಾ. ಆದ್ರೆ ಒಬ್ಬರದ್ದು ಸೇರಿಸಿದ್ರೆ ಉತ್ತರ ಬದಲಾಗುದಿಲ್ಲ. ಉಳಿದವರದ್ದು ಎಂತ ಅಂತ ಯಾರಿಗೆ ಗೊತ್ತುಂಟು?” ಎಂದರು. ಆ ಮಾತ್ರೆಯನ್ನು ಈಗ ಎಲ್ಲರಿಗೂ ಬರೆದುಕೊಡುತ್ತಿದ್ದಾರೆ.

ಪಟ್ಟಿಯಲ್ಲಿ ನಿಮ್ಮ ನಂತರ ಸುರತ್ಕಲ್‌ನವರೊಬ್ಬರ ಹೆಸರಿದೆ. ನಾಳೆ ಅಲ್ಲಿಗೆ ಹೋಗುತ್ತೇನೆ. ಬಾಗಿಲು ತೆರೆಯುವವರು ಅವರೇ ಆಗಿರಲಿ ಅಕ್ಕ.

ಸಂಚಿತಾ